ವಕೀಲರ ಪತ್ರಕ್ಕಿಂತ ಫೆಬ್ರುವರಿ 3 ಮುಖ್ಯ: ಕಾರ್ಡ್ ಬಾಕಿಯ ನೋಟಿಸ್ ಓದುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಅಡಿಕೆ ತೋಟ. ಅಪ್ಪನ ಆಪರೇಷನ್‌ಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಕ್ರೆಡಿಟ್ ಕಾರ್ಡಿನಿಂದ 48,000 ರೂಪಾಯಿ ಕಟ್ಟಿದ್ದೆ. ಹತ್ತು ತಿಂಗಳು ಬಿಡದೆ ಬಿಲ್ಲಿನಲ್ಲಿ ಹಾಕಿದ ಕನಿಷ್ಠ ಮೊತ್ತ ಕಟ್ಟಿದೆ. ಒಟ್ಟು 23,700 ರೂಪಾಯಿ ಆಗಿರಬಹುದು. ಈ ಸಲ ಕೊಳೆ ರೋಗ ಬಂದು ಫಸಲು ಅರ್ಧಕ್ಕೆ ಇಳಿಯಿತು. ನವೆಂಬರ್ 5ರ ಗಡುವಿನಿಂದ ಏನೂ ಕಟ್ಟಿಲ್ಲ. ಈಗ ಜನವರಿ 9ರ ತಾರೀಖು ಹಾಕಿದ ವಕೀಲರ ಪತ್ರ ಚೆನ್ನೈನಿಂದ ಬಂದಿದೆ, ಪೂರ್ತಿ ಇಂಗ್ಲಿಷ್‌ನಲ್ಲಿ. 51,640 ರೂಪಾಯಿ ಏಳು ದಿನದಲ್ಲಿ ಕಟ್ಟಬೇಕಂತೆ. ಇಲ್ಲದಿದ್ದರೆ ‘ವಿಲ್‌ಫುಲ್ ಡಿಫಾಲ್ಟರ್’ ಅಂತ ಸಿಬಿಲ್‌ಗೆ ಹಾಕುತ್ತಾರಂತೆ, ಸಿವಿಲ್ ಮತ್ತು ಕ್ರಿಮಿನಲ್ ಕ್ರಮ ತೆಗೆದುಕೊಳ್ಳುತ್ತಾರಂತೆ. ಫೋನ್ ಮಾಡುವವರು ‘30,000 ಕೊಟ್ಟು ಸೆಟ್ಲ್ ಮಾಡ್ಕೊಳ್ಳಿ’ ಅನ್ನುತ್ತಾರೆ. ಪೊಲೀಸ್ ಬರುತ್ತಾರಾ? ತೋಟಕ್ಕೆ ಕುತ್ತು ಇದೆಯಾ? ನಮ್ಮ ಬೆಳೆ ಸಾಲವೂ ಅದೇ ಬ್ಯಾಂಕಿನಲ್ಲಿದೆ. ಮಗಳು ಈ ವರ್ಷ ಪಿಯು ಮುಗಿಸುತ್ತಾಳೆ, ಶಿಕ್ಷಣ ಸಾಲ ಸಿಗುತ್ತದಾ?

ಉತ್ತರ: ಮೊದಲು ರಾತ್ರಿ ನಿದ್ದೆ ಕೆಡಿಸುವ ಪ್ರಶ್ನೆ ಮುಗಿಸೋಣ. ಪೊಲೀಸ್ ಬರುವುದಿಲ್ಲ. ಕಾರ್ಡಿನ ಬಾಕಿ ಸಿವಿಲ್ ವಿಷಯ. ಕೈಯಲ್ಲಿ ದುಡ್ಡಿಲ್ಲದೆ ಕಟ್ಟಲು ಆಗದಿದ್ದರೆ ಅದು ಅಪರಾಧ ಆಗುವುದಿಲ್ಲ. ಸುಳ್ಳು ದಾಖಲೆ ಕೊಟ್ಟು ಕಾರ್ಡ್ ಪಡೆದಿದ್ದರೆ ಮಾತು ಬೇರೆ. ಬಾಕಿಗೆ ಅಂತ ಕೊಟ್ಟ ಚೆಕ್ ಬೌನ್ಸ್ ಆದರೂ ಮಾತು ಬೇರೆ. ಖಾತೆಯಿಂದ ತಾನಾಗಿ ಕಡಿತವಾಗುವ ಆಟೋ ಡೆಬಿಟ್ ದುಡ್ಡಿಲ್ಲದೆ ವಾಪಸ್ ಹೋದಾಗಲೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಲ್ಲಿ ಚೆಕ್ ಬೌನ್ಸ್ ತರಹದ ಕೇಸಿಗೆ ಅವಕಾಶ ಇದೆ. ಹಾಗಾಗಿ ಯಾರಾದರೂ ‘ಒಂದು ಚೆಕ್ ಕೊಟ್ಟಿರಿ, ಆಮೇಲೆ ನೋಡೋಣ’ ಅಂದರೆ ಕೊಡಬೇಡಿ. ಖಾತೆಯಲ್ಲಿ ದುಡ್ಡು ಇರುವ ದಿನ ನೀವೇ ಕಟ್ಟಿ.

ತೋಟದ ವಿಷಯವೂ ಹಾಗೇ. ಕ್ರೆಡಿಟ್ ಕಾರ್ಡ್ ಯಾವ ಆಸ್ತಿಯನ್ನೂ ಅಡ ಇಟ್ಟು ಪಡೆದ ಸಾಲವಲ್ಲ. ನಿಮ್ಮ ಪಹಣಿಯ ಋಣದ ಕಾಲಂನಲ್ಲಿ ಬೆಳೆ ಸಾಲ ಕಾಣಬಹುದು, ಕಾರ್ಡಿನ ಬಾಕಿ ಅಲ್ಲಿಗೆ ಬರುವುದಿಲ್ಲ. ಕೋರ್ಟಿಗೆ ಹೋಗದೆ ಬ್ಯಾಂಕ್ ನೇರವಾಗಿ ಆಸ್ತಿ ವಶಕ್ಕೆ ತೆಗೆದುಕೊಳ್ಳುವುದು 2002ರ ಸರ್ಫೇಸಿ ಕಾಯ್ದೆಯಲ್ಲಿ. ಅದು ಅಡ ಇಟ್ಟ ಆಸ್ತಿಗೆ ಮಾತ್ರ. ಅದರಲ್ಲೂ ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯವಾಗುವುದಿಲ್ಲ. ಕಾರ್ಡಿನ ಬಾಕಿಗೆ ಯಾರಾದರೂ ನಿಮ್ಮ ಆಸ್ತಿ ಮುಟ್ಟಬೇಕಾದರೆ ಮೊದಲು ದಾವೆ ಹೂಡಬೇಕು, ನಿಮ್ಮ ಮಾತು ಕೇಳಿ ಆದೇಶ ಆಗಬೇಕು, ಆಮೇಲೆ ಜಾರಿ ಅರ್ಜಿ. ಕೋರ್ಟಿನಿಂದ ಸಮನ್ಸ್ ಬಂದರೆ ಮಾತ್ರ ಯಾವ ಕಾರಣಕ್ಕೂ ಸುಮ್ಮನೆ ಕೂರಬೇಡಿ. ಈಗ ಬಂದಿರುವುದು ಸಮನ್ಸ್ ಅಲ್ಲ. ಬ್ಯಾಂಕಿನ ಪರವಾಗಿ ವಕೀಲರೊಬ್ಬರು ಬರೆದ ಬೇಡಿಕೆ ಪತ್ರ, ಅಷ್ಟೇ.

‘ವಿಲ್‌ಫುಲ್ ಡಿಫಾಲ್ಟರ್’ ಎಂಬ ಮಾತು ಈ ಪತ್ರದಲ್ಲಿ ಇರಲೇಬಾರದಿತ್ತು. ಉದ್ದೇಶಪೂರ್ವಕ ಸುಸ್ತಿದಾರ ಅಂತ ಘೋಷಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಒಂದು ಮಿತಿ ಇದೆ. ಬಾಕಿ 25 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಕಟ್ಟುವ ಶಕ್ತಿ ಇದ್ದೂ ಕಟ್ಟಿಲ್ಲ, ಅಥವಾ ಸಾಲದ ದುಡ್ಡನ್ನು ಬೇರೆಡೆ ತಿರುಗಿಸಿದ್ದಾರೆ ಅಂತ ಸಮಿತಿ ಮುಂದೆ ತೀರ್ಮಾನ ಆಗಬೇಕು. ಐವತ್ತೊಂದು ಸಾವಿರದ ಕಾರ್ಡ್ ಬಾಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಸ್ಪತ್ರೆ ಬಿಲ್ ಕಟ್ಟಿ ಕಷ್ಟಕ್ಕೆ ಸಿಕ್ಕವರಿಗೆ ಇಂಥ ಮಾತು ಬರೆದು ಕಳಿಸುವುದು ನನಗಂತೂ ಬಹಳ ತಪ್ಪು ಅನಿಸುತ್ತದೆ. ಮಲೆನಾಡಿನ ಮನೆಗಳಲ್ಲಿ ಒಂದು ರಿಜಿಸ್ಟರ್ಡ್ ಪೋಸ್ಟ್ ಬಂದರೆ ಊರಿಗೇ ಗೊತ್ತಾಗುತ್ತದೆ. ಆ ಸಂಕೋಚಕ್ಕೇ ಎಷ್ಟೋ ಜನ ಪತ್ರ ಒಡೆಯದೆ ಎತ್ತಿಡುತ್ತಾರೆ. ನೀವು ಒಡೆದು, ತಾರೀಖು ನೋಡಿ, ಕೇಳಿದ್ದೀರಿ. ಅದು ಒಳ್ಳೆಯದಾಯಿತು. ಯಾಕೆಂದರೆ ನಿಮಗೆ ಇನ್ನೂ ಸಮಯ ಇದೆ.

ಪತ್ರದಲ್ಲಿ ಹೇಳದೇ ಇರುವ ತಾರೀಖೇ ನಿಮಗೆ ಮುಖ್ಯ. ಅದು ಫೆಬ್ರುವರಿ 3.

ಲೆಕ್ಕ ಹೀಗಿದೆ. ಸ್ಟೇಟ್‌ಮೆಂಟಿನಲ್ಲಿ ಕೊಟ್ಟ ಗಡುವಿನಿಂದ 90 ದಿನದೊಳಗೆ ಕನಿಷ್ಠ ಮೊತ್ತ ಪೂರ್ತಿ ಕಟ್ಟದಿದ್ದರೆ ಕಾರ್ಡ್ ಖಾತೆ ಎನ್‌ಪಿಎ ಆಗುತ್ತದೆ, ಅಂದರೆ ಬ್ಯಾಂಕಿನ ಪುಸ್ತಕದಲ್ಲಿ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ನಿಮ್ಮ ಮೊದಲ ತಪ್ಪಿದ ಗಡುವು ನವೆಂಬರ್ 5. ಅಲ್ಲಿಂದ ಎಣಿಸಿದರೆ ಜನವರಿ 15ಕ್ಕೆ 71 ದಿನ. ಫೆಬ್ರುವರಿ 3ಕ್ಕೆ 90.

ಬೇರೆಯವರಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಬೆಳೆ ಸಾಲವೂ ಅದೇ ಬ್ಯಾಂಕಿನಲ್ಲಿದೆ ಅಂದಿರಲ್ಲ, ಅದಕ್ಕೇ ಹೇಳುತ್ತಿರುವುದು. ಬ್ಯಾಂಕ್ ಸಾಲಗಳನ್ನು ವಿಂಗಡಿಸುವುದು ಒಂದೊಂದು ಖಾತೆ ನೋಡಿ ಅಲ್ಲ, ಸಾಲಗಾರನನ್ನು ನೋಡಿ. ಒಬ್ಬರ ಒಂದು ಖಾತೆ ಎನ್‌ಪಿಎ ಆದರೆ, ಅದೇ ಬ್ಯಾಂಕಿನಲ್ಲಿ ಅವರಿಗಿರುವ ಉಳಿದ ಸಾಲಗಳೂ ಎನ್‌ಪಿಎ ಆಗುತ್ತವೆ. ಬೆಳೆ ಸಾಲಕ್ಕೆ ಅದರದ್ದೇ ಆದ ಉದಾರ ನಿಯಮ ಇದೆ. ದೀರ್ಘಾವಧಿ ಬೆಳೆಗೆ ಗಡುವು ಮೀರಿ ಒಂದು ಬೆಳೆ ಹಂಗಾಮು, ಅಲ್ಪಾವಧಿ ಬೆಳೆಗೆ ಎರಡು ಹಂಗಾಮು ಕಳೆದ ಮೇಲಷ್ಟೇ ಅದು ಎನ್‌ಪಿಎ. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ, ಮಂಡಿಗೆ ಹೋಗುವ ತನಕ ಕಾಯಬೇಕು ಅನ್ನುವುದು ಆ ನಿಯಮ ಮಾಡಿದವರಿಗೆ ಗೊತ್ತಿತ್ತು. ಕಾರ್ಡಿಗೆ ಅಂಥ ಯಾವ ಹಂಗಾಮೂ ಇಲ್ಲ. ಅದು ತಿಂಗಳ ಸಂಬಳದವರಿಗೆ ಅಂತ ಮಾಡಿದ ಸಾಲ. ನಮ್ಮ ಕಡೆ ದುಡ್ಡು ಬರುವುದು ವರ್ಷಕ್ಕೊಂದು ಸಲ, ಬಿಲ್ ಬರುವುದು ತಿಂಗಳಿಗೊಂದು ಸಲ. ಈಗ 48,000 ರೂಪಾಯಿಯ ಕಾರ್ಡು, ಒಂದು ದಿನವೂ ತಪ್ಪು ಮಾಡದ ನಿಮ್ಮ ಬೆಳೆ ಸಾಲವನ್ನೂ ಕೆಳಗೆ ಎಳೆಯಬಹುದು. ಆಮೇಲೆ ಬೆಳೆ ಸಾಲ ನವೀಕರಿಸಲು ಹೋದಾಗ ಶಾಖೆಯವರು ಕೈ ಚೆಲ್ಲುತ್ತಾರೆ.

ಒಂದು ವಿಷಯ ಖಚಿತ ಮಾಡಿಕೊಳ್ಳಿ. ಕೆಲವು ಬ್ಯಾಂಕುಗಳ ಕಾರ್ಡನ್ನು ಬೇರೆಯೇ ಕಂಪನಿ ನಡೆಸುತ್ತದೆ. ಹೆಸರು ಒಂದೇ ತರಹ ಇದ್ದರೂ ಕಾನೂನಿನಲ್ಲಿ ಎರಡೂ ಬೇರೆ ಬೇರೆ. ಸ್ಟೇಟ್‌ಮೆಂಟಿನ ಕೆಳಗೆ ಸಣ್ಣಕ್ಷರದಲ್ಲಿ ಕಾರ್ಡ್ ಕೊಟ್ಟವರ ಪೂರ್ತಿ ಹೆಸರು ಇರುತ್ತದೆ. ಅದು ನಿಮ್ಮ ಪಾಸ್‌ಬುಕ್ಕಿನ ಬ್ಯಾಂಕೇ ಆಗಿದ್ದರೆ ನಾನು ಮೇಲೆ ಹೇಳಿದ್ದು ನಿಮಗೆ ಅನ್ವಯ. ಆಗ ಇನ್ನೊಂದನ್ನೂ ನೆನಪಿಡಿ. ಬಹಳಷ್ಟು ಕಾರ್ಡ್ ಒಪ್ಪಂದಗಳಲ್ಲಿ, ಬಾಕಿಗೆ ನಿಮ್ಮ ಉಳಿತಾಯ ಖಾತೆಯ ದುಡ್ಡನ್ನು ಹಿಡಿಯುವ ಅಥವಾ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ. ಅಡಿಕೆ ಮಾರಿದ ದುಡ್ಡು ಆ ಖಾತೆಗೇ ಬಂದರೆ, ಕೂಲಿಯವರಿಗೆ ಕೊಡಬೇಕು ಅಂದುಕೊಂಡಿದ್ದ ದುಡ್ಡೇ ಸಿಕ್ಕಿಹಾಕಿಕೊಳ್ಳಬಹುದು. ಮೊದಲೇ ಮಾತಾಡಿ ಇತ್ಯರ್ಥ ಮಾಡಿಕೊಂಡರೆ ಈ ಪಾಡು ತಪ್ಪುತ್ತದೆ.

ಈಗ ದಾಖಲೆಯ ಮಾತಿಗೆ ಬರೋಣ. ಪತ್ರದಲ್ಲಿ ‘ಸಿಬಿಲ್‌ಗೆ ಹಾಕುತ್ತೇವೆ’ ಅಂತ ಮುಂದೆ ಆಗುವ ವಿಷಯದ ತರಹ ಬರೆದಿದ್ದಾರೆ. ನಿಜ ಏನೆಂದರೆ, ನಿಮ್ಮ ಬಾಕಿ ಆಗಲೇ ದಾಖಲೆಗೆ ಹೋಗಿದೆ. ಗಡುವು ಮೀರಿ ಮೂರು ದಿನದ ತನಕ ಕಾರ್ಡ್ ಕೊಟ್ಟವರು ಅದನ್ನು ಬಾಕಿ ಅಂತ ವರದಿ ಮಾಡುವಂತಿಲ್ಲ, ದಂಡವನ್ನೂ ಹಾಕುವಂತಿಲ್ಲ. ಮೂರು ದಿನ ಕಳೆದರೆ ಎರಡಕ್ಕೂ ಅವಕಾಶ ಇದೆ. 2025ರ ಜನವರಿ 1ರಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು ಎಂಬ ನಿಯಮ ಬಂದಿದೆ. ಮೊದಲು ತಿಂಗಳಿಗೊಮ್ಮೆ ಇತ್ತು. ಬಾಕಿ ಅಂತ ವರದಿ ಮಾಡಿದಾಗ ನಿಮಗೆ ಎಸ್‌ಎಂಎಸ್ ಅಥವಾ ಇಮೇಲ್ ಬರಬೇಕು. ಫೋನಿನಲ್ಲಿ ನವೆಂಬರ್ ಮಧ್ಯದಿಂದ ಹುಡುಕಿ ನೋಡಿ. ಜಾಹೀರಾತು ಅಂತ ಅಳಿಸಿರಬಹುದು.

ಸಿಬಿಲ್ ಅನ್ನುವುದು ಜನರ ಸಾಲದ ದಾಖಲೆ ಇಟ್ಟುಕೊಳ್ಳುವ ಒಂದು ಕಂಪನಿಯ ಹೆಸರು. ಅದು ಸೇರಿ ದೇಶದಲ್ಲಿ ಇಂಥ ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. 2005ರ ಕಾಯ್ದೆಯ ಅಡಿ ರಿಸರ್ವ್ ಬ್ಯಾಂಕ್ ಇವುಗಳ ಮೇಲೆ ಕಣ್ಣಿಟ್ಟಿದೆ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ಪ್ಯಾನ್ ಸಂಖ್ಯೆ ಮತ್ತು ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರ್ ಇಟ್ಟುಕೊಂಡು ಆ ಕಂಪನಿಗಳದ್ದೇ ವೆಬ್‌ಸೈಟಿಗೆ ಹೋಗಿ ತೆಗೆಯಿರಿ. ‘ಉಚಿತ ಸ್ಕೋರ್’ ಅಂತ ಕರೆಯುವ ಆ್ಯಪ್‌ಗಳು ಬೇಡ. ಅಲ್ಲಿ ನಂಬರ್ ಕೊಟ್ಟರೆ ಇನ್ನಷ್ಟು ಸಾಲದ ಫೋನ್ ಬರುತ್ತವೆ. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ, ಎಷ್ಟು ಸಲ ನೋಡಿದರೂ ಅಷ್ಟೇ.

ವರದಿ ತೆರೆದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು 300ರಿಂದ 900ರವರೆಗಿನ ಸ್ಕೋರ್ ಮೇಲೆ. ಸಾಲ ಕೊಡುವ ಅಧಿಕಾರಿ ಅಲ್ಲಿಗೇ ನಿಲ್ಲುವುದಿಲ್ಲ. ಅವರು ಕೆಳಗೆ ಇಳಿದು ಪ್ರತಿ ಸಾಲದ ಕೆಳಗಿರುವ ಚಿಕ್ಕ ಚಿಕ್ಕ ಚೌಕಗಳ ಸಾಲನ್ನು ನೋಡುತ್ತಾರೆ. ಒಂದು ತಿಂಗಳಿಗೆ ಒಂದು ಚೌಕ, ಹಿಂದಿನ 36 ತಿಂಗಳವು. ಗಡುವು ಮೀರಿ ಎಷ್ಟು ದಿನ ಆಯಿತು ಅನ್ನುವ ಸಂಖ್ಯೆ ಅದರಲ್ಲಿ ಇರುತ್ತದೆ. ಇದನ್ನೇ ಡಿಪಿಡಿ ಅನ್ನುತ್ತಾರೆ. ಸರಿಯಾಗಿ ಕಟ್ಟಿದ ತಿಂಗಳಿಗೆ 000 ಇರುತ್ತದೆ. ನೀವು ಕಷ್ಟಪಟ್ಟು ಕನಿಷ್ಠ ಮೊತ್ತ ಕಟ್ಟಿದ ಹತ್ತು ತಿಂಗಳೂ 000 ಅಂತಲೇ ಇರಬೇಕು. ತಿಂಗಳ ಕೊನೆಯ ದಿನಕ್ಕೆ ಲೆಕ್ಕ ಹಾಕಿದರೆ ನವೆಂಬರಿನ ಚೌಕದಲ್ಲಿ 025, ಡಿಸೆಂಬರಿನದರಲ್ಲಿ 056 ಬಂದಿರುತ್ತದೆ. ಏನೂ ಕಟ್ಟದೆ ಬಿಟ್ಟರೆ ಜನವರಿ ಕೊನೆಗೆ 087. ಫೆಬ್ರುವರಿ 15ಕ್ಕೆ ಅದು 102 ಆಗುತ್ತದೆ. ಮೂರಂಕಿಯ ಆ ಸಂಖ್ಯೆ ಬಿದ್ದ ಮೇಲೆ ಸಾಲ ಕೊಡುವವರ ನೋಟವೇ ಬದಲಾಗುತ್ತದೆ. 056 ಇದ್ದವರನ್ನು ‘ಯಾಕೆ ಹೀಗಾಯಿತು?’ ಅಂತ ಕೇಳುತ್ತಾರೆ. 102 ಇದ್ದವರನ್ನು ಸಾಮಾನ್ಯವಾಗಿ ಕೇಳುವುದೇ ಇಲ್ಲ, ಅರ್ಜಿ ವಾಪಸ್ ಕೊಡುತ್ತಾರೆ.

ಹಾಗಾದರೆ ಫೆಬ್ರುವರಿ 3ರೊಳಗೆ 51,640 ಪೂರ್ತಿ ಹೊಂದಿಸಬೇಕಾ? ಬೇಡ. ಕೊನೆಯ ಸ್ಟೇಟ್‌ಮೆಂಟ್ ತೆಗೆಯಿರಿ. ಅದರಲ್ಲಿ ಎರಡು ಮೊತ್ತ ಇರುತ್ತವೆ: ಒಟ್ಟು ಬಾಕಿ, ಕನಿಷ್ಠ ಬಾಕಿ. ಹಿಂದೆ ತಪ್ಪಿದ ಕಂತುಗಳೆಲ್ಲ ಸೇರಿ ಬೆಳೆದ ಮೊತ್ತವೇ ಆ ಕನಿಷ್ಠ ಬಾಕಿ. ನಿಮ್ಮ ಲೆಕ್ಕದಲ್ಲಿ ಅದು ಹತ್ತು ಸಾವಿರದ ಆಸುಪಾಸು ಇರಬಹುದು. ಅದನ್ನು ಪೂರ್ತಿ ಕಟ್ಟಿದರೆ ದಿನದ ಎಣಿಕೆ ನಿಲ್ಲುತ್ತದೆ. ಅರ್ಧ ಕಟ್ಟಿದರೆ ಸಾಲದು. ಪತ್ರದಲ್ಲಿ ಈ ಮೊತ್ತ ಬರೆದಿರುವುದಿಲ್ಲ, ದೊಡ್ಡ ಮೊತ್ತವನ್ನೇ ಬರೆದಿರುತ್ತಾರೆ. ಅದನ್ನು ನೋಡಿ ‘ನಮ್ಮ ಕೈಲಿ ಆಗಲ್ಲ’ ಅಂತ ಕೈ ಬಿಟ್ಟವರು ಎಷ್ಟೋ ಜನ. ಕೊನೆಯ ದಿನದ ತನಕ ಕಾಯದೆ ಜನವರಿ 28ರೊಳಗೆ ಕಟ್ಟಿಬಿಡಿ. ದುಡ್ಡು ಕಾರ್ಡಿಗೆ ಜಮೆ ಆಗಲು ಒಂದೆರಡು ದಿನ ಹಿಡಿಯಬಹುದು.

ಹತ್ತು ಸಾವಿರ ಅಂದರೆ ಒಂದು ಚೀಲ ‘ರಾಶಿ ಇಡಿ’ ಅಡಿಕೆಯ ದುಡ್ಡಿಗಿಂತ ಕಡಿಮೆ. ದರ ಏರಲಿ ಅಂತ ಅಡಿಕೆ ಕಟ್ಟಿಟ್ಟು ಕಾಯುವುದು ನಮ್ಮ ಕಡೆಯ ರೂಢಿ. ಈ ಸಲ ಒಂದು ಚೀಲವನ್ನು ಮಾತ್ರ ಮೊದಲೇ ಮಾರಿ. ಕ್ವಿಂಟಲ್‌ಗೆ ಸಾವಿರ, ಎರಡು ಸಾವಿರ ದರ ಏರಿದರೂ ಆ ಲಾಭ ಕಾರ್ಡಿನ ಬಡ್ಡಿಗೆ ಸಮ ಆಗುವುದಿಲ್ಲ. ಮಾರಲು ಮನಸ್ಸಿಲ್ಲದಿದ್ದರೆ ನಿಮ್ಮ ಸಹಕಾರ ಸಂಘದಲ್ಲಿ ಅಡಿಕೆ ಇಟ್ಟು ಈಡಿನ ಸಾಲ ಸಿಗುತ್ತದಾ ಕೇಳಿ. ಮನೆಯಲ್ಲಿ ಚಿನ್ನ ಇದ್ದರೆ ಬ್ಯಾಂಕಿನಲ್ಲೋ ಸಂಘದಲ್ಲೋ ಇಟ್ಟು ಪೂರ್ತಿ ಬಾಕಿಯನ್ನೇ ತೀರಿಸುವುದು ಇನ್ನೂ ಒಳ್ಳೆಯದು. ಬಂಗಾರ ಅಡ ಇಡುವುದು ಮನೆಯ ಹೆಂಗಸರಿಗೆ ಎಷ್ಟು ಕಷ್ಟದ ಮಾತು ಅಂತ ನನಗೆ ಗೊತ್ತು. ಆದರೂ ಬಡ್ಡಿಯ ವ್ಯತ್ಯಾಸ ಅಷ್ಟಿದೆ, ಅದಕ್ಕೇ ಹೇಳುತ್ತಿದ್ದೇನೆ.

ಎಷ್ಟು ವ್ಯತ್ಯಾಸ ಅಂತ ನಿಮ್ಮ ಲೆಕ್ಕದಲ್ಲೇ ನೋಡಿ. ಹತ್ತು ತಿಂಗಳು ಕಟ್ಟಿದರೂ ಸಾಲ ಯಾಕೆ ಇಳಿದಿಲ್ಲ ಅನ್ನುವುದೂ ಇದರಲ್ಲೇ ತಿಳಿಯುತ್ತದೆ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಶೇ 42 ಆಯಿತು. 48,000ಕ್ಕೆ ಒಂದು ತಿಂಗಳ ಬಡ್ಡಿ 1,680 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18ರಷ್ಟು ಜಿಎಸ್‌ಟಿ, ಅಂದರೆ 302. ಒಟ್ಟು 1,982. ಕನಿಷ್ಠ ಮೊತ್ತ ಸಾಮಾನ್ಯವಾಗಿ ಬಾಕಿಯ ಶೇ 5 ಇರುತ್ತದೆ, ಇಲ್ಲಿ 2,400. ನೀವು 2,400 ಕಟ್ಟಿದಾಗ ಅಸಲಿಗೆ ಹೋದದ್ದು ಬರೀ 418 ರೂಪಾಯಿ. ಹತ್ತು ತಿಂಗಳು ಕಟ್ಟಿದ 23,700ರಲ್ಲಿ ಸುಮಾರು ಐದು ಸಾವಿರ ಮಾತ್ರ ಅಸಲಿಗೆ ಸೇರಿದೆ. ಆಮೇಲೆ ಮೂರು ಬಿಲ್‌ಗಳ ಬಡ್ಡಿ, ತಡವಾದ ಶುಲ್ಕ, ಅದರ ಜಿಎಸ್‌ಟಿ ಸೇರಿ 51 ಸಾವಿರ ದಾಟಿದೆ. ಮೋಸ ಏನೂ ಆಗಿಲ್ಲದಿರಬಹುದು. ಕನಿಷ್ಠ ಮೊತ್ತ ಅನ್ನುವುದು ನಡೆಯುವುದೇ ಹೀಗೆ. ಈ ಬಡ್ಡಿಗೆ ಶೇ 30ರ ಮಿತಿ ಹಾಕಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದು ಮಾಡಿದೆ. ಹಾಗಾಗಿ ‘ಬಡ್ಡಿ ಜಾಸ್ತಿ’ ಅನ್ನುವ ಒಂದೇ ಕಾರಣಕ್ಕೆ ಜಗಳ ಆಡಿ ಗೆಲ್ಲುವುದು ಕಷ್ಟ.

ಹಾಗಂತ ಬ್ಯಾಂಕ್ ಹಾಕಿದ್ದೆಲ್ಲ ಸರಿ ಅಂತಲೂ ಅಲ್ಲ. ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಅಂದರೆ ತಡವಾದ ಶುಲ್ಕಕ್ಕೆ, ಜಿಎಸ್‌ಟಿಗೆ ಬಡ್ಡಿ ಇಲ್ಲ. ನವೆಂಬರಿನಿಂದ ಈಚಿನ ಮೂರು ಸ್ಟೇಟ್‌ಮೆಂಟ್ ಒಟ್ಟಿಗೆ ಇಟ್ಟುಕೊಂಡು ಈ ಒಂದು ಅಂಶ ನೋಡಿ. ತಪ್ಪು ಕಂಡರೆ ಬರಹದಲ್ಲಿ ದೂರು ಕೊಡಿ. ತಕರಾರು ಇರುವ ಕಾರ್ಡಿನ ವಿಷಯದಲ್ಲಿ, ಸಾಧ್ಯವಾದ ಮಟ್ಟಿಗೆ ಆ ತಕರಾರು ಬಗೆಹರಿದ ಮೇಲೆಯೇ ಸುಸ್ತಿ ಅಂತ ವರದಿ ಮಾಡಬೇಕು ಅಂತಲೂ ಅದೇ ನಿರ್ದೇಶನ ಹೇಳುತ್ತದೆ. ಸುಮ್ನೆ ಸಮಯ ದೂಡಲು ಸುಳ್ಳು ತಕರಾರು ಹೂಡಬೇಡಿ, ಅದು ತಿರುಗಿ ಬೀಳುತ್ತದೆ.

ಇನ್ನು ಫೋನಿನವರ 30,000ದ ಮಾತು. ಕೇಳಲು ಬಹಳ ಚೆನ್ನಾಗಿದೆ, 21 ಸಾವಿರ ಉಳಿಯುತ್ತದೆ. ನನ್ನ ಸಲಹೆ: ನಿಮ್ಮ ಸ್ಥಿತಿಯಲ್ಲಿ ಒಪ್ಪಬೇಡಿ. ಕಡಿಮೆ ದುಡ್ಡಿಗೆ ಒಪ್ಪಂದ ಮಾಡಿಕೊಂಡರೆ ದಾಖಲೆಯಲ್ಲಿ ಆ ಖಾತೆಯ ಮುಂದೆ ‘ಸೆಟಲ್ಡ್’ ಅಂತ ಬರುತ್ತದೆ. ಪೂರ್ತಿ ತೀರಿಸಿ ಮುಚ್ಚಿದರೆ ‘ಕ್ಲೋಸ್ಡ್’ ಅಂತ ಬರುತ್ತದೆ. ‘ಸೆಟಲ್ಡ್’ ಕಂಡ ಮುಂದಿನ ಬ್ಯಾಂಕಿಗೆ ಅರ್ಥವಾಗುವುದು ಒಂದೇ, ಈ ಮನುಷ್ಯರಿಗೆ ಕೊಟ್ಟ ಸಾಲದಲ್ಲಿ ಒಬ್ಬರು ಆಗಲೇ ಕಳೆದುಕೊಂಡಿದ್ದಾರೆ. ಸಿಬಿಲ್‌ನಂಥ ಕಂಪನಿಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು. ಏಳು ವರ್ಷ ಅಂದರೆ ನಿಮ್ಮ ಮಗಳ ಡಿಗ್ರಿ ಮುಗಿದು, ಕೆಲಸ ಸಿಕ್ಕಿ, ಮನೆಗೆ ಹೊಸ ಮಾಡು ಹಾಕುವ ಸಾಲದ ಯೋಚನೆ ಬರುವ ಹೊತ್ತು. ಅಲ್ಲಿಯ ತನಕ ಆ ಒಂದು ಪದ ಕಾಗದದ ಮೇಲೆ ಕೂತಿರುತ್ತದೆ.

ಕೆಲಸ ಕಳೆದುಕೊಂಡವರಿಗೆ, ಬಾಕಿ ಲಕ್ಷಗಟ್ಟಲೆ ಬೆಳೆದು ವರ್ಷ ದಾಟಿದವರಿಗೆ ಸೆಟ್ಲ್‌ಮೆಂಟ್ ಒಳ್ಳೆಯ ದಾರಿಯೇ. ಅವರಿಗೆ ಅದು ಉಸಿರಾಡಲು ಜಾಗ ಕೊಡುತ್ತದೆ, ನಾಚಿಕೆ ಪಡುವಂಥದ್ದೇನಿಲ್ಲ. ನಿಮ್ಮ ಮನೆಯಲ್ಲಿ ಅರ್ಧ ಫಸಲಾದರೂ ಇದೆ, 90 ದಿನವೂ ಆಗಿಲ್ಲ. ಏಳು ವರ್ಷದ ಕಲೆಗೆ 21 ಸಾವಿರ ಕಡಿಮೆ ಬೆಲೆ ಆಯಿತು.

ಮುಂದೆ ಎಂದಾದರೂ ಯಾರಿಗಾದರೂ ಸೆಟ್ಲ್‌ಮೆಂಟ್ ಅನಿವಾರ್ಯವಾದರೆ ಇಷ್ಟು ನೋಡಿ. ಪತ್ರ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಇರಬೇಕು. ಕಾರ್ಡಿನ ಕೊನೆಯ ನಾಲ್ಕು ಅಂಕಿ, ಒಪ್ಪಿದ ಮೊತ್ತ, ಕೊನೆಯ ತಾರೀಖು, ಉಳಿದ ಬಾಕಿ ಬಿಟ್ಟಿದ್ದೇವೆ ಎಂಬ ಮಾತು ಸ್ಪಷ್ಟವಾಗಿ ಇರಬೇಕು. ಪತ್ರ ಕೈಗೆ ಬರುವ ಮೊದಲು ಒಂದು ರೂಪಾಯಿಯೂ ಕೊಡಬಾರದು. ಕೊಡುವುದಾದರೂ ಕಾರ್ಡ್ ಖಾತೆಗೇ ನೇರ. ಏಜೆಂಟನ ಯುಪಿಐಗೆ ಹಾಕಿದ ದುಡ್ಡು ಬ್ಯಾಂಕಿಗೆ ಸೇರಿತು ಅಂತ ಸಾಬೀತು ಮಾಡುವುದು ನಿಮ್ಮ ತಲೆಗೇ ಬರುತ್ತದೆ. ನಿಮಗೆ ಬಂದದ್ದು ಬರೀ ಫೋನಿನ ಮಾತು, ಅದನ್ನು ಆಫರ್ ಅಂತ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಸೆಟ್ಲ್‌ಮೆಂಟಿನ ಬದಲು ನೀವು ಕೇಳಬೇಕಾದದ್ದು ಬೇರೆ. ಕನಿಷ್ಠ ಬಾಕಿ ಕಟ್ಟಿದ ಮೇಲೆ ಉಳಿಯುವ ಮೊತ್ತವನ್ನು ಕಡಿಮೆ ಬಡ್ಡಿಯ ಕಂತುಗಳಿಗೆ ಬದಲಿಸಿಕೊಡಿ ಅಂತ ಕೇಳಿ. ಕೊಡಲೇಬೇಕು ಎಂಬ ನಿಯಮ ಇಲ್ಲ, ಆದರೆ ಖಾತೆ ಎನ್‌ಪಿಎ ಆಗುವ ಮೊದಲು ಕೇಳಿದರೆ ಒಪ್ಪುವ ಸಾಧ್ಯತೆ ಜಾಸ್ತಿ. ಕೇಳುವುದು ಬರಹದಲ್ಲಿ ಇರಲಿ. ಬ್ಯಾಂಕಿನ ಕಾರ್ಡ್ ವಿಭಾಗದ ಇಮೇಲ್‌ಗೆ ಕಳಿಸಿ, ಒಂದು ಪ್ರತಿ ಶಾಖೆಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ, ಇನ್ನೊಂದನ್ನು ವಕೀಲರ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಕನ್ನಡದಲ್ಲೇ ಬರೆಯಿರಿ, ತಪ್ಪಿಲ್ಲ. ಹೀಗೆ ಬರೆದರೆ ಸಾಕು:

‘ನನ್ನ ಕಾರ್ಡ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ____. ಜನವರಿ 9ರ ನಿಮ್ಮ ಪತ್ರ ತಲುಪಿದೆ. ತಂದೆಯ ಚಿಕಿತ್ಸೆಯ ಖರ್ಚು ಮತ್ತು ಬೆಳೆ ನಷ್ಟದಿಂದ ನವೆಂಬರ್ 5ರಿಂದ ಪಾವತಿ ತಪ್ಪಿದೆ. ಬಾಕಿ ಇರುವ ಕನಿಷ್ಠ ಮೊತ್ತವನ್ನು ____ ತಾರೀಖಿನಂದು ಕಟ್ಟಿದ್ದೇನೆ, ರಸೀದಿ ಲಗತ್ತಿಸಿದೆ. ಉಳಿದ ಮೊತ್ತವನ್ನು ಕಡಿಮೆ ಬಡ್ಡಿಯ ಮಾಸಿಕ ಕಂತುಗಳಾಗಿ ಬದಲಿಸಿಕೊಡಿ. 51,640 ರೂಪಾಯಿಯಲ್ಲಿ ಅಸಲು, ಬಡ್ಡಿ, ಶುಲ್ಕ, ತೆರಿಗೆ ಎಷ್ಟೆಷ್ಟು ಎಂಬ ವಿವರ ಕೊಡಿ. ದಯವಿಟ್ಟು ಪತ್ರ ವ್ಯವಹಾರ ಕನ್ನಡದಲ್ಲಿ ಇರಲಿ.’

ಕೊನೆಯ ವಾಕ್ಯ ಸುಮ್ಮನೆ ಸೇರಿಸಿದ್ದಲ್ಲ. ಕಾರ್ಡಿನ ಷರತ್ತುಗಳು ಸರಳ ಭಾಷೆಯಲ್ಲಿ, ಸಾಧ್ಯವಾದರೆ ಇಂಗ್ಲಿಷ್, ಹಿಂದಿಯ ಜೊತೆ ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಕಾರ್ಡ್ ಮಾರುವಾಗ ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ನಿಂತು ಸೊಗಸಾದ ಕನ್ನಡ ಮಾತಾಡುವವರು, ವಸೂಲಿಗೆ ಬಂದಾಗ ಮಾತ್ರ ಯಾಕೆ ಇಂಗ್ಲಿಷ್ ಪತ್ರ ಕಳಿಸಬೇಕು? ಕೇಳುವವರು ಜಾಸ್ತಿ ಆದಷ್ಟೂ ಇದು ಬದಲಾಗುತ್ತದೆ.

ಫೋನ್ ಕಾಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೈಯುವುದು, ಹೆದರಿಸುವುದು, ಅಕ್ಕಪಕ್ಕದ ಮನೆಯವರಿಗೋ ನೆಂಟರಿಗೋ ಹೇಳಿ ಮಾನ ಕಳೆಯುವುದು ನಿಷಿದ್ಧ. ಹಾಗೆ ಮಾಡಿದರೆ ಕರೆಯ ಸಮಯ, ನಂಬರ್ ಬರೆದಿಟ್ಟು ಬ್ಯಾಂಕಿಗೆ ದೂರು ಕೊಡಿ. ಏಜೆಂಟ್ ಮಾಡಿದ್ದಕ್ಕೆ ಬ್ಯಾಂಕೇ ಹೊಣೆ. 30 ದಿನದಲ್ಲಿ ಬ್ಯಾಂಕಿನಿಂದ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ನೀವು ಬಾಕಿ ಕಟ್ಟುವ ಹೊತ್ತಿಗೇ ಇನ್ನೊಂದೆರಡು ಪತ್ರ ದಾರಿಯಲ್ಲಿರಬಹುದು. ಲೋಕ ಅದಾಲತ್‌ಗೆ ಬನ್ನಿ ಅನ್ನುವ ನೋಟಿಸ್ ಬಂದರೆ ಗಾಬರಿ ಬೇಡ. ದಾವೆ ಹೂಡುವ ಮೊದಲೇ ಮಾತುಕತೆಗೆ ಕರೆಯುವ ವ್ಯವಸ್ಥೆ ಅದು. ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ, ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಅಲ್ಲಿ ಸಹಿ ಹಾಕುವ ಮೊದಲು ಮೊತ್ತ ಓದಿ. ಎಲ್ಲೋ ದೂರದ ಊರಿನ ಆರ್ಬಿಟ್ರೇಟರ್, ಅಂದರೆ ಕೋರ್ಟಿನ ಹೊರಗೆ ತೀರ್ಪು ಕೊಡುವ ಮಧ್ಯಸ್ಥರ ಹೆಸರಿನಲ್ಲಿ ಪತ್ರ ಬಂದರೆ ಮಾತ್ರ ಬರಹದಲ್ಲಿ ಆಕ್ಷೇಪಣೆ ಕಳಿಸಲೇಬೇಕು. ಸಾಲ ಕೊಟ್ಟವರೇ ಒಬ್ಬರೇ ಕೂತು ಮಧ್ಯಸ್ಥರನ್ನು ನೇಮಿಸುವುದನ್ನು ಸುಪ್ರೀಂ ಕೋರ್ಟ್ ಒಪ್ಪಿಲ್ಲ. ಅದಕ್ಕೆ ಶಿವಮೊಗ್ಗದ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಲಹೆ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಆದಾಯ ಮಿತಿಯೊಳಗಿನವರಿಗೆ ಅಲ್ಲಿ ವಕೀಲರ ನೆರವು ಉಚಿತ.

‘ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ’ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಸರಿಯಾದ ಬಾಕಿಯನ್ನು ದಾಖಲೆಯಿಂದ ಅಳಿಸುವ ಅಧಿಕಾರ ಯಾರಿಗೂ ಇಲ್ಲ. ತಪ್ಪು ಮಾಹಿತಿ ಇದ್ದರೆ ತಿದ್ದಿಸಲು ದುಡ್ಡು ಬೇಕಾಗಿಲ್ಲ. ವರದಿ ಕೊಟ್ಟ ಸಿಬಿಲ್‌ನಂಥ ಕಂಪನಿಗೇ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನಿಮಗೇ ಬರಬೇಕು. ಈ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ.

ಉಳಿದದ್ದು ಮಗಳ ಓದಿನ ಸಾಲ. ಅವಳ ದಾಖಲೆ ಬೇರೆ, ನಿಮ್ಮದು ಬೇರೆ. ಅವಳ ಹೆಸರಿನಲ್ಲಿ ಇದುವರೆಗೆ ಯಾವ ಸಾಲವೂ ಇಲ್ಲ, ಹಾಗಾಗಿ ಸ್ಕೋರೂ ಇರುವುದಿಲ್ಲ. ಮೊದಲ ಸಲ ಸಾಲ ಕೇಳುವವರನ್ನು ಹಿಂದಿನ ದಾಖಲೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ತೊಡಕು ಬರುವುದು ಸಹ ಸಾಲಗಾರರಾಗಿ ಸಹಿ ಹಾಕುವ ಅಪ್ಪ ಅಮ್ಮನ ದಾಖಲೆಯಲ್ಲಿ. ನಿಮ್ಮದರಲ್ಲಿ 025, 056 ಎಂಬ ಚೌಕಗಳು ಉಳಿಯುತ್ತವೆ, ಅವನ್ನು ತೆಗೆಯಲು ಆಗುವುದಿಲ್ಲ. ಅವುಗಳ ನಂತರ ನಾಲ್ಕೈದು 000 ಬಂದಿದ್ದರೆ, ಜೊತೆಗೆ ಆಸ್ಪತ್ರೆಯ ಬಿಲ್ ತೋರಿಸಿದರೆ, ಮ್ಯಾನೇಜರ್ ಮನಸ್ಸು ಮಾಡಲು ಜಾಗ ಇರುತ್ತದೆ. ನಿಮ್ಮ ಹೆಂಡತಿಯ ಹೆಸರಿನಲ್ಲಿ ಬಾಕಿ ಇಲ್ಲದಿದ್ದರೆ, ಅವರನ್ನು ಸಹ ಸಾಲಗಾರರಾಗಿ ಮಾಡಬಹುದಾ ಅಂತಲೂ ಕೇಳಿ. ಸ್ವಸಹಾಯ ಸಂಘದ ಸಾಲವನ್ನು ಅವರು ಸರಿಯಾಗಿ ಕಟ್ಟಿದ್ದರೆ ಅದೂ ವರದಿಯಲ್ಲಿ ಬಂದಿರಬಹುದು, ಅವರ ವರದಿಯನ್ನೂ ತೆಗೆದು ನೋಡಿ.

ಈಗ ತಾರೀಖುಗಳನ್ನು ಜೋಡಿಸಿ. ಜನವರಿ 28ರೊಳಗೆ ಕನಿಷ್ಠ ಬಾಕಿ. ಫೆಬ್ರುವರಿ, ಮಾರ್ಚ್‌ನಲ್ಲಿ ಉಳಿದ ಅಡಿಕೆ ಮಾರಿದಾಗ ಮೊದಲು ಕಾರ್ಡ್ ಪೂರ್ತಿ ತೀರಿಸಿ, ಆಮೇಲೆ ಬೇರೆ ಖರ್ಚು. ತೀರಿಸಿದ ದಿನವೇ ಬಾಕಿ ಇಲ್ಲ ಎಂಬ ಪತ್ರ ಕೇಳಿ. ಕಾರ್ಡ್ ಬೇಡ ಅನಿಸಿದರೆ ಮುಚ್ಚಲು ಬರೆದುಕೊಡಿ. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ಬ್ಯಾಂಕ್ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ದುಡ್ಡು ಕಟ್ಟಿದ 30 ದಿನದೊಳಗೆ ದಾಖಲೆಯೂ ಬದಲಾಗಬೇಕು. ಏಪ್ರಿಲ್ ಕೊನೆಗೆ ವರದಿ ಇನ್ನೊಮ್ಮೆ ತೆಗೆಯಿರಿ. ವರ್ಷದ ಉಚಿತ ವರದಿಯನ್ನು ಈಗ ಒಂದು ಕಂಪನಿಯಿಂದ, ಆಗ ಇನ್ನೊಂದರಿಂದ ತೆಗೆದರೆ ಎರಡಕ್ಕೂ ಖರ್ಚಿಲ್ಲ. ಆಗಲೂ ಹಳೆಯ ಬಾಕಿಯೇ ಕಾಣುತ್ತಿದ್ದರೆ ದೂರು ಕೊಡಲು ಮೇ ತಿಂಗಳು ಪೂರ್ತಿ ಇರುತ್ತದೆ. ಕಾಲೇಜು ಸೀಟು ಹಂಚಿಕೆ ಶುರುವಾಗುವ ಹೊತ್ತಿಗೆ ಬ್ಯಾಂಕಿನ ಮೇಜಿನ ಮೇಲೆ ಸರಿಯಾದ ವರದಿ ಇರುವಂತೆ ನೋಡಿಕೊಳ್ಳಿ.